ಗಂಗಾವತಿ ಗುಡ್ಡಗಳ ಒಳದಾರಿ: ಗಾಡಿ ಎಲ್ಲಿ ನಿಲ್ಲಿಸಬೇಕು?

ಎರೆಹೊಲ (ಸಿಂಧನೂರು) · ಸೋಮವಾರ, ರಾತ್ರಿ 9.10

ಶನಿವಾರ ನಸುಕಿನಲ್ಲಿ ಮನೆ ಬಿಟ್ಟು ಕಾರಟಗಿ, ಗಂಗಾವತಿ ದಾಟಿ ಆನೆಗೊಂದಿ ಕಡೆಯ ಗುಡ್ಡಗಳ ಒಳದಾರಿ ಹಿಡಿದೆ. ಹನ್ನೊಂದು ವರ್ಷದಿಂದ ಭತ್ತದ ಕಟಾವು ಮುಗಿಯುವ ಹೊತ್ತಿಗೆ ಒಮ್ಮೆಯಾದರೂ ಈ ಕಡೆ ಬರುತ್ತೇನೆ. ರಸ್ತೆಯ ಮೇಲೆ ಭತ್ತ ಒಣಹಾಕಿರುತ್ತಾರೆ, ಅರ್ಧ ರಸ್ತೆ ರಾಶಿಗೆ, ಅರ್ಧ ಗಾಡಿಗೆ. ಕಾಲುವೆ ಇರುವ ತನಕ ಹಸಿರು, ಕಾಲುವೆ ತಿರುಗಿದ ಮರುಗಳಿಗೆಗೆ ಬರೀ ಕಲ್ಲು. ಯಾರೋ ಆನೆಗಾತ್ರದ ಗುಂಡುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯಾಗುವ ಸೀಮೆ ಇದು, ಕಳ್ಳಿ, ಜಾಲಿ, ಸೀತಾಫಲದ ಗಿಡ ಬಿಟ್ಟರೆ ಗುಡ್ಡದ ಮೇಲೆ ನೆರಳಿಲ್ಲ.

ನಾನು ನೋಡಲು ಹೋಗುವುದು ಒಂದು ಸಣ್ಣ ಕಲ್ಲಾಸರೆಯನ್ನು, ಬಂಡೆಯಡಿಯ ಗವಿಯಂಥ ಜಾಗದಲ್ಲಿ ಹಿಂದಿನ ಕಾಲದವರು ಬರೆದ ಚಿತ್ರಗಳನ್ನು. ಹೆಸರು, ಜಾಗ ಬೇಕೆಂದೇ ಬರೆಯುತ್ತಿಲ್ಲ, ದಯವಿಟ್ಟು ಕೇಳಬೇಡಿ. ಮೊಣಕಾಲೂರಿ ಒಳಗೆ ಸರಿಯಬೇಕು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಎರಡು ನಿಮಿಷ ಬೇಕು. ಆಮೇಲೆ ಎಡಕ್ಕೆ ಒಂದು ಗೂಳಿ ಕಾಣುತ್ತದೆ, ನನ್ನ ಅಂಗೈಗಿಂತ ತುಸು ದೊಡ್ಡದು, ಕೆಮ್ಮಣ್ಣಿನ ಬಣ್ಣದ್ದು. ಡುಬ್ಬವನ್ನು ಒಂದೇ ಎಳೆತದಲ್ಲಿ ಬರೆದಿದ್ದಾರೆ. ಕುತ್ತಿಗೆಯಿಂದ ಹೊರಟ ಗೆರೆ ಡುಬ್ಬ ಏರುವಾಗ ದಪ್ಪ, ಬೆನ್ನಿಗೆ ಇಳಿಯುವಾಗ ತೆಳು. ಕೊಂಬು ಎರಡೂ ಮುಂದಕ್ಕೆ ಬಾಗಿವೆ. ಅದರ ಹಿಂದೆ ಕೈ ಕೈ ಹಿಡಿದಂತೆ ಸಾಲಾಗಿ ನಿಂತ ಏಳು ಜನ. ಏಳನೆಯವನ ಕಾಲಿನ ಮೇಲೆ ಕಣಜ ಮಣ್ಣಿನ ಗೂಡು ಕಟ್ಟಿದೆ, ನಾನು ಮೊದಲ ಸಲ ಬಂದಾಗಲೂ ಇತ್ತು.

ಈ ಸಲ ಗೂಳಿಯ ಕಾಲುಗಳು ಕಾಣಲಿಲ್ಲ. ಅಲ್ಲಿ ಬೆಳ್ಳಗೆ ಉಪ್ಪಿನ ಪೊರೆ ಹಬ್ಬಿದೆ, ಮೇಲಿನಿಂದ ಕೆಳಗೆ ಹರಿದ ಗುರುತು ಸಮೇತ. ಫೋಟೋದಲ್ಲಿ ಬಣ್ಣ ಎದ್ದು ಕಾಣಲಿ ಎಂದು ಯಾರೋ ಬಾಟಲಿ ನೀರು ಎರಚಿದ್ದಾರೆ. ಆಸರೆಯ ಬಾಯಿಯಿಂದ ನಾನು ಎಣಿಸಿದಂತೆ ಹದಿನೈದು ಹೆಜ್ಜೆಗೆ ಟೈರಿನ ಗುರುತು. ಅಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡಿದ್ದಾರೆ, ಹೊಗೆ ಒಳಗಿನ ಸೂರಿಗೆ ಹಿಡಿದಿದೆ.

ಹೋದ ವರ್ಷದವರೆಗೆ ಅಲ್ಲಿಗೆ ಗಾಡಿ ಹೋಗುತ್ತಿರಲಿಲ್ಲ. ಹೊಲದ ಬದುವಿನಿಂದ ನಲವತ್ತು ನಿಮಿಷ ನಡೆಯಬೇಕಿತ್ತು. ನಡೆದು ಬರುವವರು ಒಲೆ ಹೂಡುವಷ್ಟು ಸಾಮಾನು ಹೊತ್ತು ತರುವುದಿಲ್ಲ. ಈಗ ಯಾರೋ ಎರಡು ಗುಂಡು ಉರುಳಿಸಿ ದಾರಿ ಬಿಡಿಸಿದ್ದಾರೆ.

ನಾನೂ ಇದೇ ವೇದಿಕೆಯಲ್ಲಿ ಒಳದಾರಿಗಳ ಬಗ್ಗೆ ವರ್ಷಗಟ್ಟಲೆ ಬರೆದವನು, ಆ ದಾರಿಯ ಸುಖವನ್ನು ನಿಮ್ಮೊಡನೆ ಹಂಚಿಕೊಂಡವನು. ಅದಕ್ಕೇ ಇಲ್ಲೇ ಕೇಳುತ್ತಿದ್ದೇನೆ. ನಮ್ಮ ಗಾಡಿ ಎಲ್ಲಿ ನಿಲ್ಲಬೇಕು? ಇದನ್ನು ನಮ್ಮ ನಮ್ಮಲ್ಲೇ ತೀರ್ಮಾನ ಮಾಡಿಕೊಳ್ಳಲು ಆಗುತ್ತದೆಯೇ?

ಹಳೇ ಜೀಪು (ಹೊಸಪೇಟೆ) · ಸೋಮವಾರ, ರಾತ್ರಿ 9.52

ಓದಿ ಹೊಟ್ಟೆ ಉರಿಯಿತು. ಆ ಏಳು ಜನರನ್ನು ನಾನೂ ನೋಡಿದ್ದೇನೆ ಅನಿಸುತ್ತದೆ. ಹಾಗಿದ್ದರೆ ಕಣಜದ ಗೂಡೂ ನೆನಪಿದೆ.

ಗ್ಯಾರೇಜಿನವನಾಗಿ ಒಂದು ಮಾತು. ಆ ಗುಡ್ಡಗಳ ಮೇಲಿನ ದಾರಿ ಗಾಡಿಗೂ ಒಳ್ಳೆಯದಲ್ಲ. ಬುಡದಲ್ಲಿ ಮಸಾರಿ ಮಣ್ಣು, ಒಣಗಿದ್ದಾಗ ತೊಂದರೆಯಿಲ್ಲ. ಅದು ಮುಗಿದ ಮೇಲೆ ಬಂಡೆ ಸೀಳಿ ಎದ್ದ ಚಕ್ಕೆಗಳು. ಮೇಲಿಂದ ನೋಡಿದರೆ ಸಪಾಟು, ಅಂಚು ಮಾತ್ರ ಕತ್ತಿ. ಟೈರಿನ ಮೈಪಕ್ಕೆ ಸೀಳುವುದು ಅಲ್ಲೇ, ಮೈಪಕ್ಕೆ ಸೀಳಿದ ಟೈರಿಗೆ ಪಂಕ್ಚರ್ ಹಾಕಲು ಬರುವುದಿಲ್ಲ. ತಿಂಗಳಿಗೆ ಎರಡಾದರೂ ಇಂಥ ಕೇಸು ನನ್ನ ಹತ್ತಿರ ಬರುತ್ತವೆ. ಕಳೆದ ತಿಂಗಳು ಒಬ್ಬರ ಎಂಜಿನ್ ಎಣ್ಣೆಯ ತಳಬಟ್ಟಲು ಒಡೆದು, ಎಣ್ಣೆಯೆಲ್ಲ ಬಂಡೆಯ ಮೇಲೆ ಚೆಲ್ಲಿ, ಸಂಜೆವರೆಗೆ ಟ್ರ್ಯಾಕ್ಟರಿಗೆ ಕಾದಿದ್ದರು. ಆ ಎಣ್ಣೆಯ ಕಲೆ ಎಷ್ಟು ವರ್ಷ ಇರುತ್ತದೋ.

ಬಿಸಿಲೂರು (ರಾಯಚೂರು) · ಸೋಮವಾರ, ರಾತ್ರಿ 10.30

ನಾನು ಬೇರೆ ಮಾತು ಹೇಳುತ್ತೇನೆ, ಯಾರೂ ಬೇಜಾರಾಗಬೇಡಿ. ನಮ್ಮ ತಾಯಿಗೆ 68. ಕನ್ನಡ ಮೇಷ್ಟರಾಗಿ ನಿವೃತ್ತರು. ಮಸ್ಕಿಯ ಅಶೋಕನ ಶಾಸನವನ್ನು ತರಗತಿಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವರು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಅದನ್ನು ಕಂಡದ್ದು, ಅದರಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೇ ಇದ್ದದ್ದು, ಎಲ್ಲ ಬಾಯಿಪಾಠ. ಮಸ್ಕಿಗೆ ಅವರನ್ನು ಕರೆದುಕೊಂಡು ಹೋದಾಗ ಆ ಕಲ್ಲಿನ ಮುಂದೆ ಮಾತಿಲ್ಲದೆ ನಿಂತುಬಿಟ್ಟರು. ಯಾಕೆ ಸಾಧ್ಯವಾಯಿತು? ಹತ್ತಿರದವರೆಗೂ ಗಾಡಿ ಹೋಗುತ್ತದೆ, ಅದಕ್ಕೆ.

ಗುಡ್ಡದ ಮೇಲೆ ಹಳೆಯ ಕಲ್ಲುಗೋರಿಗಳಿರುವ ಹಿರೇಬೆಣಕಲ್ಲಿಗೆ ಅವರನ್ನು ಕರೆದೊಯ್ಯಲು ನನಗೆ ಆಗಿಲ್ಲ. ಎರಡೂವರೆ ಮೂರು ಕಿಲೋಮೀಟರ್ ಕಲ್ಲು ಹತ್ತಿ ನಡೆಯಲು ಅವರ ಮೊಣಕಾಲು ಬಿಡುವುದಿಲ್ಲ. 2021ರಲ್ಲಿ ಯುನೆಸ್ಕೋ ತಾತ್ಕಾಲಿಕ ಪಟ್ಟಿಗೆ ಸೇರಿದ ಜಾಗ ಅದು. ನಮ್ಮ ಸೀಮೆಯ ಹೆಮ್ಮೆ ನಮ್ಮ ಸೀಮೆಯ ಹಿರಿಯರಿಗೇ ಸಿಗದಿದ್ದರೆ ಹೇಗೆ? ರಸ್ತೆ ಆಗಲಿ, ಕಾವಲುಗಾರರೂ ಇರಲಿ. ದಾರಿ ಕೆಟ್ಟದ್ದಿದ್ದರೆ ಕೆಟ್ಟವರು ಬರುವುದಿಲ್ಲ ಎಂಬುದು ಲೆಕ್ಕವಲ್ಲ. ಗುಂಡು ಉರುಳಿಸಿ ದಾರಿ ಮಾಡಿಕೊಂಡವರು ಬಂದೇ ಬಂದರಲ್ಲ.

ಎರೆಹೊಲ · ಸೋಮವಾರ, ರಾತ್ರಿ 10.47

ತಾಯಿಯವರ ಮಾತು ನಿಜಕ್ಕೂ ಯೋಚಿಸಬೇಕಾದದ್ದು. ನಾಳೆ ಬಿಡುವಾಗಿ ಉತ್ತರ ಬರೆಯುತ್ತೇನೆ.

ಡೈಕಿನ ಕಲ್ಲು (ಬಳ್ಳಾರಿ) · ಮಂಗಳವಾರ, ಬೆಳಿಗ್ಗೆ 7.15

ನೀರು ಎರಚುವುದರ ಬಗ್ಗೆ ಸ್ವಲ್ಪ ವಿವರ ಬರೆಯುತ್ತೇನೆ, ಯಾಕೆಂದರೆ ಹಾಳು ಮಾಡುವ ಉದ್ದೇಶವಿಲ್ಲದವರೂ ಇದನ್ನು ಮಾಡುತ್ತಾರೆ. ನಾನೇ ಓದುವ ದಿನಗಳಲ್ಲಿ ನಮ್ಮ ಜೊತೆಯವರು ಮಾಡುವುದನ್ನು ಸುಮ್ಮನೆ ನೋಡಿಕೊಂಡು ನಿಂತಿದ್ದೆ.

ಕೆಮ್ಮಣ್ಣು ಅಂದರೆ ಕಬ್ಬಿಣದ ಆಕ್ಸೈಡ್. ಸಂಡೂರಿನ ಗುಡ್ಡ ಕೆಂಪಾಗಿರುವುದು ಯಾವುದರಿಂದಲೋ ಅದೇ. ಅದಕ್ಕೆ ಬಿಸಿಲು, ಗಾಳಿ ಏನೂ ಮಾಡುವುದಿಲ್ಲ, ಅದಕ್ಕೇ ಸಾವಿರಾರು ವರ್ಷ ಉಳಿದಿದೆ. ಮಳೆ ನೇರವಾಗಿ ಬೀಳದ ಬಂಡೆಯ ಹೊಟ್ಟೆಯಲ್ಲಿ ಬರೆದದ್ದೂ ಉಳಿಯಲು ಕಾರಣ. ನೀರು ಹಾಕಿದರೆ ಬಣ್ಣ ಕ್ಷಣಹೊತ್ತು ಗಾಢವಾಗುತ್ತದೆ, ಹೌದು. ಆದರೆ ಆ ನೀರು ಬಂಡೆಯ ಸೂಕ್ಷ್ಮ ಬಿರುಕುಗಳಿಗೆ ಇಳಿದು, ಒಳಗಿನ ಲವಣ ಕರಗಿಸಿಕೊಂಡು, ಒಣಗುವಾಗ ಮೇಲ್ಮೈಗೆ ತಂದು ಬಿಡುತ್ತದೆ. ಅದೇ ನಿಮಗೆ ಕಂಡ ಬಿಳಿ ಪೊರೆ. ಪ್ರತಿ ಸಲ ಹರಳುಗಟ್ಟುವಾಗ ಅದು ಬಣ್ಣದ ಕಣಗಳನ್ನು ಒಳಗಿನಿಂದ ಎಬ್ಬಿಸುತ್ತದೆ. ಕೈಯಿಂದ ಉಜ್ಜಿ ತೆಗೆಯಲು ಹೋದರೆ ಪೊರೆಯ ಜೊತೆ ಗೂಳಿಯೂ ಹೋಗುತ್ತದೆ. ದಯವಿಟ್ಟು ಯಾರೂ ಒರೆಸಲು ಹೋಗಬೇಡಿ.

ಇನ್ನು ನಮ್ಮ ಕುಪ್ಪಗಲ್ಲಿನ ಕಥೆ. ಬಳ್ಳಾರಿಯ ಹೊರಗೆ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳಿವೆ. ಅಲ್ಲಿ ಗ್ರಾನೈಟಿನ ನಡುವೆ ಕಪ್ಪು ಡಾಲರೈಟಿನ ಪಟ್ಟಿ ಹಾದುಹೋಗಿದೆ, ನಾವು ಡೈಕ್ ಎನ್ನುತ್ತೇವೆ. ನವಶಿಲಾಯುಗದವರು ಆ ಕಲ್ಲಿನಲ್ಲೇ ಕೊಡಲಿ ಮಾಡುತ್ತಿದ್ದರು. ಹಿರೇಗುಡ್ಡದ ಮೇಲೆ ಕೊಡಲಿ ತಯಾರಿಸುವ ಕಾರ್ಖಾನೆಯೇ ಇತ್ತು, ಈಗಲೂ ಚಕ್ಕೆಗಳ ರಾಶಿ ಕಾಲಿಗೆ ಸಿಗುತ್ತದೆ. ಅದೇ ಕಪ್ಪು ಬಂಡೆಗಳ ಮೇಲೆ ಕುಟ್ಟಿ ಕುಟ್ಟಿ ಮೂಡಿಸಿದ ಚಿತ್ರಗಳು, ಬಹುಪಾಲು ಉದ್ದ ಕೊಂಬಿನ ದನಗಳು. 1892ರಲ್ಲೇ ಫಾಸೆಟ್ ಎಂಬುವರು ಇವುಗಳ ಬಗ್ಗೆ ಬರೆದಿದ್ದರು. ಆಮೇಲೆ ಎಷ್ಟೋ ವರ್ಷ ಮರೆತೇ ಹೋದಂತಾಗಿ, 2004ರಲ್ಲಿ ಪುರಾತತ್ವಜ್ಞೆ ನಿಕೋಲ್ ಬೊವಿನ್ ಪ್ರಕಟಿಸಿದ ಲೇಖನದಿಂದ ಮತ್ತೆ ಲೋಕಕ್ಕೆ ತಿಳಿದವು. ಕೆಲವು ಚಿತ್ರಗಳು ನಿಲ್ಲಲೂ ಜಾಗವಿಲ್ಲದ ಕಡೆ ಇವೆ. ಕೆತ್ತಿದವರು ಜೋತಾಡಿಕೊಂಡೇ ಕೆತ್ತಿರಬೇಕು. ಇನ್ನು ಕೆಲವು ಬಂಡೆಗಳಲ್ಲಿ ಸವೆದ ಗುಳಿಗಳಿವೆ, ಅಲ್ಲಿ ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಬರುತ್ತದೆ.

ಆ ನಾದ ಕೇಳಿದ ದಿನ ನನಗಿನ್ನೂ ನೆನಪಿದೆ. ಹಿಂದೆ ಜಲ್ಲಿಗಾಗಿ ಬಂಡೆ ಒಡೆಯುವ ಸದ್ದು, ಮುಂದೆ ಮೂರ್ನಾಲ್ಕು ಸಾವಿರ ವರ್ಷದ ಹಿಂದೆ ಯಾರೋ ಬಾರಿಸಿದ ಕಲ್ಲು. ಅಲ್ಲಿ ಹಾನಿ ಆದದ್ದು ನೋಡಲು ಬಂದವರಿಂದಲ್ಲ, ಕಲ್ಲು ತೆಗೆಯುವವರಿಂದ. ಲಾರಿ ಹತ್ತುವ ದಾರಿ ಮೊದಲು ಬಂತು, ಆಮೇಲೆ ಕ್ವಾರಿ. ದಾರಿ ಅಂದರೆ ಬರೀ ಪ್ರವಾಸಿಗರ ದಾರಿಯಲ್ಲ ಎಂಬುದು ನಮ್ಮ ತಲೆಯಲ್ಲಿರಲಿ.

ಬಿಸಿಲೂರು ಅವರೇ, ತಾಯಿಯವರನ್ನು ಬಳ್ಳಾರಿಗೆ ಕರೆತನ್ನಿ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ಇಲ್ಲಿದೆ. ಸಂಗನಕಲ್ಲಿನ ಕೊಡಲಿಗಳನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ಬರುವಾಗ ಹೊಸಪೇಟೆ ರಸ್ತೆಯ ಕುಡತಿನಿಯಲ್ಲಿ ಬೂದಿದಿಬ್ಬವನ್ನೂ ತೋರಿಸಿ. ಸಾವಿರಾರು ವರ್ಷದ ಹಿಂದೆ ದನಗಾಹಿಗಳು ಸಗಣಿ ಗುಡ್ಡೆಹಾಕಿ ಮತ್ತೆ ಮತ್ತೆ ಸುಟ್ಟು ಆದ ದಿಬ್ಬ ಅದು. ಹಂಪಿ ಹತ್ತಿರ ನಿಂಬಾಪುರದಲ್ಲಿ ಇಂಥದ್ದೇ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ.

ಗುಡ್ಡದ ಬುಡ (ಗಂಗಾವತಿ ತಾಲ್ಲೂಕು) · ಮಂಗಳವಾರ, ಮಧ್ಯಾಹ್ನ 1.20

ಅಣ್ಣಾರ, ನಾನು ಆ ಗುಡ್ಡದ ಬುಡದಾಗ ಹುಟ್ಟಿ ಬೆಳದಾಂವ. ನೀವು ಹೆಸರು ಹಾಕದಿದ್ರೂ ಯಾವ ಕಲ್ಲು ಅಂತ ನನಗ ಗೊತ್ತಾತು. ಸಣ್ಣಾಂವ ಇದ್ದಾಗ ಆಡು ಕಾಯಾಕ ಹೋದ್ರ ಮಳಿ ಬಂದಾಗ ಅದರಾಗ ಕುಂದರತಿದ್ವಿ. ಆ ಗೂಳಿ ನೋಡಿಕೋತ ಬುತ್ತಿ ಉಂಡೀನಿ. ಒಂದು ದಿನಾನೂ ಮುಟ್ಟಲಿಲ್ಲ. ಮುಟ್ಟಬ್ಯಾಡ ಅಂತ ಯಾರೂ ಹೇಳಿರಲಿಲ್ಲ, ಆದ್ರ ಹಿರ್‍ಯಾರು ಬರದದ್ದು ಅನ್ನೋದು ಗೊತ್ತಿತ್ತು.

ಹಿರೇಬೆಣಕಲ್ ಗುಡ್ಡಕ್ಕ ಮೋರ್ಯರ ಗುಡ್ಡ ಅಂತೀವಿ. ನಮ್ಮಜ್ಜಿ ಹೇಳತಿದ್ಲು, ಮೋರ್ಯರು ಅಂತ ಗಿಡ್ಡ ಮಂದಿ ಇದ್ರಂತ, ಕಲ್ಲಚಪ್ಪಡಿ ನಿಲ್ಲಿಸಿ ಮನಿ ಕಟ್ಟಿದ್ರಂತ, ಮುಂದಿನ ಚಪ್ಪಡಿಯಾಗಿನ ದುಂಡನ ತೂತಿನ್ಯಾಗ ಹಾದು ಒಳಗ ಹೋಗಿ ಬಂದು ಮಾಡತಿದ್ರಂತ. ಈಗ ಓದಿದವರು ಹೇಳ್ತಾರ ಅವು ಮನಿ ಅಲ್ಲ ಗೋರಿ ಅಂತ. ನಮಗ ಎರಡೂ ಒಂದ. ಅಜ್ಜಿ ಅಲ್ಲಿ ಚಪ್ಪಲಿ ಬಿಟ್ಟು ನಡೀತಿದ್ಲು.

ಈಗ ರಸ್ತಿ ಮಾತು. ನಮಗ ರಸ್ತಿ ಬೇಕ್ರಿ. ಖರೇನ ಬೇಕು. ಕಟಾವು ಮಷೀನು ಹೊಲಕ್ಕ ಬರಬೇಕು, ಟ್ರ್ಯಾಕ್ಟರ್ ಬರಬೇಕು, ಹೆರಗಿಗೆ ಆಸ್ಪತ್ರಿಗೆ ಹೋಗಬೇಕಾದ್ರ ಆಂಬುಲೆನ್ಸ್ ಬರಬೇಕು. ಮಳಿಗಾಲದಾಗ ಎರಿಮಣ್ಣಿನ ದಾರ್‍ಯಾಗ ನಡದ್ರ ಒಂದೊಂದು ಕಾಲಿಗೆ ಎರಡೆರಡು ಕೆಜಿ ಮಣ್ಣು ಹತ್ತತೈತಿ. ಪ್ಯಾಟ್ಯಾಗ ಕುಂತು ದಾರಿ ಬ್ಯಾಡ ಅನ್ನೋದು ಸುಲಭ. ಆದ್ರ ನಮಗ ಬೇಕಾಗಿದ್ದು ಕಡೀ ಹೊಲದ ಬದು ತನಕ. ಅದರಾಚಿಗೆ ನಮ್ಮದೇನೂ ಬೆಳಿ ಇಲ್ಲ, ಅಲ್ಲಿ ಇರೋದು ಕರಡಿ, ಚಿರತಿ, ಮೋರ್ಯರು. ಅಲ್ಲಿಗೆ ಯಾವ ಗಾಡೀನೂ ಬ್ಯಾಡ.

ಆ ಎರಡು ಗುಂಡು ಉರುಳಿಸಿದವರು ನಮ್ಮೂರವರಲ್ಲ. ರಾತ್ರಿ ಲೈಟ್ ಹಾಕ್ಕೊಂಡು ಬಂದಿದ್ರು. ಮುಂಜಾನಿ ನೋಡಿದ್ರ ದಾರಿ ಆಗಿತ್ತು.

ಹಳೇ ಜೀಪು · ಮಂಗಳವಾರ, ಮಧ್ಯಾಹ್ನ 1.44

ಕಡೇ ಹೊಲದ ಬದು. ಇದಕ್ಕಿಂತ ಸರಿಯಾದ ಗೆರೆ ನಮಗೆ ಸಿಗಲಿಕ್ಕಿಲ್ಲ.

ದೂರದ ಗಂಗಾವತಿ (ಸಾಲ್ಟ್ ಲೇಕ್ ಸಿಟಿ) · ಮಂಗಳವಾರ, ರಾತ್ರಿ 8.05

ಗಂಗಾವತಿಯವನು, ಒಂಬತ್ತು ವರ್ಷದಿಂದ ಅಮೆರಿಕದ ಯೂಟಾ ರಾಜ್ಯದಲ್ಲಿ ಕೆಲಸ. ಇಲ್ಲಿಯ ಒಂದು ದಾರಿಯ ವಿಷಯ ಈ ಚರ್ಚೆಗೆ ಉಪಯೋಗವಾಗಬಹುದು.

ನೈನ್ ಮೈಲ್ ಕ್ಯಾನ್ಯನ್ ಎಂಬ ಕಣಿವೆ ಇದೆ. ಹೆಸರು ಒಂಬತ್ತು ಮೈಲು, ಉದ್ದ 40 ಮೈಲಿಗಿಂತ ಹೆಚ್ಚು. ವೆಲಿಂಗ್ಟನ್ ಎಂಬ ಊರಿನ ಹತ್ತಿರ ಹೆದ್ದಾರಿ ಬಿಟ್ಟರೆ ಮುಂದೆ ಬಂಕ್ ಇಲ್ಲ, ಅಂಗಡಿ ಇಲ್ಲ. ಟ್ಯಾಂಕ್ ತುಂಬಿಸಿ, ನೀರು ಹೇರಿಕೊಂಡು ಹೋಗಬೇಕು. ನಮ್ಮ ಕಡೆಯ ಹಾಗೆ ದುಂಡು ಗುಂಡುಗಳಲ್ಲ, ಮರಳುಗಲ್ಲಿನ ಎತ್ತರದ ಗೋಡೆಗಳು. ಆ ಗೋಡೆಗಳಿಗೆ ಮ್ಯಾಂಗನೀಸ್, ಕಬ್ಬಿಣ ಸೇರಿದ ಕಪ್ಪು ಹೊಳಪಿನ ಲೇಪ ತಾನಾಗಿ ಬಂದಿದೆ. ಅದನ್ನು ಕುಟ್ಟಿ ತೆಗೆದರೆ ಒಳಗಿನ ತಿಳಿ ಬಣ್ಣ ಕಾಣುತ್ತದೆ. ಫ್ರೀಮಾಂಟ್ ಎಂದು ಕರೆಯುವ ಜನ ಸುಮಾರು ಸಾವಿರ ವರ್ಷದ ಹಿಂದೆ ಹೀಗೆ ಸಾವಿರಾರು ಚಿತ್ರ ಮೂಡಿಸಿದ್ದಾರೆ. ಡೈಕಿನ ಕಲ್ಲು ಅವರು ಕುಪ್ಪಗಲ್ಲಿನ ಬಗ್ಗೆ ಬರೆದದ್ದು ಓದುವಾಗ ಅದೇ ನೆನಪಾಯಿತು. ಕಲ್ಲು ಬೇರೆ, ಖಂಡ ಬೇರೆ, ಕುಟ್ಟುವ ಕೈ ಒಂದೇ ರೀತಿ.

ಅಲ್ಲಿ ಒಂದು ಪ್ರಸಿದ್ಧ ಬೇಟೆಯ ಚಿತ್ರ ಇದೆ. ಬಾಗಿದ ಕೊಂಬಿನ ಕಾಡುಕುರಿಗಳ ಹಿಂಡು, ಸುತ್ತ ಬಿಲ್ಲು ಹಿಡಿದವರು. ಮೊದಲ ಸಲ ನೋಡಿದಾಗ ನನಗೆ ಊರ ಹತ್ತಿರದ ಗುಡ್ಡದ ಚಿತ್ರ ನೆನಪಾಗಿ ತುಂಬ ಹೊತ್ತು ಅಲ್ಲೇ ಕೂತುಬಿಟ್ಟೆ.

ಆ ದಾರಿಯನ್ನು 1886ರಲ್ಲಿ ಸೈನ್ಯದ ಕಪ್ಪು ಸಿಪಾಯಿಗಳ ತುಕಡಿ ಮಾಡಿದ್ದು. ಶತಮಾನ ದಾಟಿ ಕಚ್ಚಾ ದಾರಿಯಾಗೇ ಇತ್ತು. ಆಮೇಲೆ ಮೇಲಿನ ಪ್ರಸ್ಥಭೂಮಿಯಲ್ಲಿ ಅನಿಲ ಬಾವಿಗಳು ಬಂದು ಭಾರಿ ಲಾರಿಗಳ ಓಡಾಟ ಶುರುವಾಯಿತು. ಎದ್ದ ಧೂಳು ಚಿತ್ರಗಳ ಮೇಲೆ ಕೂರತೊಡಗಿತು. ಧೂಳು ಏಳದಿರಲಿ ಎಂದು ರಸ್ತೆಗೆ ಮೆಗ್ನೀಸಿಯಮ್ ಕ್ಲೋರೈಡ್ ಸಿಂಪಡಿಸಿದರು, ಅದೂ ಕಲ್ಲಿಗೆ ಕೇಡು ಎಂಬ ಆತಂಕ ಎದ್ದಿತು. ಕೊನೆಗೆ ಡಾಂಬರು ಹಾಕಿದರು. ಈಗ ಸಣ್ಣ ಕಾರೂ ಸಲೀಸಾಗಿ ಹೋಗುತ್ತದೆ.

ಬಿಸಿಲೂರು · ಮಂಗಳವಾರ, ರಾತ್ರಿ 8.22

ನೋಡಿ, ನಾನು ಹೇಳಿದ್ದೂ ಅದೇ. ಅಲ್ಲಿ ಡಾಂಬರು ಹಾಕಿದ್ದರಿಂದಲೇ ಚಿತ್ರಕ್ಕೆ ಒಳ್ಳೆಯದಾಯಿತು.

ದೂರದ ಗಂಗಾವತಿ · ಮಂಗಳವಾರ, ರಾತ್ರಿ 8.51

ಧೂಳಿನ ಮಟ್ಟಿಗೆ ಹೌದು, ಒಪ್ಪುತ್ತೇನೆ. ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ರಸ್ತೆ ಕಣಿವೆಯ ತಳದಲ್ಲಿ ಉದ್ದಕ್ಕೆ ಹಾದುಹೋಗುತ್ತದೆ, ಚಿತ್ರಗಳು ಪಕ್ಕದ ಗೋಡೆಯ ಮೇಲೆ ಇವೆ. ಗಾಡಿಗೆ ಹೋಗಲು ಮುಂದೆ ದಾರಿ ಇದೆ. ನಮ್ಮಲ್ಲಿ ದಾರಿ ಮುಗಿಯುವುದೇ ಚಿತ್ರದ ಬಾಯಿಯಲ್ಲಿ. ಅಲ್ಲಿಗೆ ಬಂದ ಗಾಡಿ ತಿರುಗಬೇಕು, ನಿಲ್ಲಬೇಕು, ಜನ ಇಳಿಯಬೇಕು, ಉಣ್ಣಬೇಕು. ಎಲ್ಲ ಆ ಹದಿನೈದು ಹೆಜ್ಜೆಯೊಳಗೆ. ಅಲ್ಲೂ ಗೋಡೆಯ ಮೇಲೆ ಹೆಸರು ಕೆತ್ತಿದವರಿದ್ದಾರೆ, ರಸ್ತೆಗೆ ಹತ್ತಿರ, ಕೈಗೆಟುಕುವ ಎತ್ತರದಲ್ಲಿ.

ಕೆಮ್ಮಣ್ಣು (ಕೊಪ್ಪಳ) · ಬುಧವಾರ, ಬೆಳಿಗ್ಗೆ 6.40

ನಾನು ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ಎರಡು ವಿಷಯ.

ಮೊದಲನೆಯದು ಫೋಟೋ. ನೀರು ಹಾಕಿದರೆ ಮಾತ್ರ ಬಣ್ಣ ಕಾಣುತ್ತದೆ ಎಂಬುದು ಸುಳ್ಳು ನಂಬಿಕೆ. ಬೆಳಿಗ್ಗೆ ಹತ್ತರೊಳಗೆ, ನೇರ ಬಿಸಿಲು ಒಳಗೆ ಬೀಳದ ಹೊತ್ತಿನಲ್ಲಿ, ಒಂದು ಬಿಳಿ ಪಂಚೆಯನ್ನು ಆಸರೆಯ ಹೊರಗೆ ಬಿಸಿಲಲ್ಲಿ ಹಿಡಿಸಿ. ಅದರಿಂದ ಹೊರಳಿ ಬರುವ ಬೆಳಕು ಮೆತ್ತಗೆ ಒಳಗೆ ತುಂಬುತ್ತದೆ. ಫ್ಲ್ಯಾಶ್ ಬೇಡ, ಅದು ಬಂಡೆಯ ಹರಳುಗಳನ್ನು ಮಿನುಗಿಸಿ ಬಣ್ಣವನ್ನು ಮುಚ್ಚಿಬಿಡುತ್ತದೆ. ಮನೆಗೆ ಬಂದು ಫೋನಿನಲ್ಲೇ ಕೆಂಪು ಬಣ್ಣವನ್ನು ತುಸು ಏರಿಸಿ ನೋಡಿ. ಕಣ್ಣಿಗೆ ಕಾಣದಿದ್ದ ಗೆರೆಗಳು ಎದ್ದು ಬರುತ್ತವೆ. ಹೋದ ವರ್ಷ ನನಗೆ ಹೀಗೆ ಒಂದು ಜಿಂಕೆಯ ಹಿಂದೆ ಮರಿಯೊಂದು ಕಂಡಿತು. ಅಲ್ಲಿ ಒಂದು ಗಂಟೆ ಕೂತಿದ್ದರೂ ಅದು ಕಣ್ಣಿಗೆ ಬಿದ್ದಿರಲಿಲ್ಲ.

ಎರಡನೆಯದು, ಫೋನಿನಲ್ಲಿ ತೆಗೆದ ಚಿತ್ರದೊಳಗೆ ಜಾಗದ ಗುರುತು ತಾನಾಗಿ ಸೇರಿರುತ್ತದೆ. ಹಂಚುವ ಮುನ್ನ ಅದನ್ನು ತೆಗೆದುಹಾಕಿ. ಹಿರೇಬೆಣಕಲ್, ಆನೆಗೊಂದಿಯ ಒನಕೆ ಕಿಂಡಿ ಎಲ್ಲರಿಗೂ ಗೊತ್ತಿರುವ ಜಾಗಗಳು, ಅವುಗಳ ಬಗ್ಗೆ ಮಾತಾಡಲು ತೊಂದರೆಯಿಲ್ಲ. ಸಣ್ಣ ಸಣ್ಣ ಆಸರೆಗಳಿಗೆ ಬೋರ್ಡೂ ಇಲ್ಲ, ಕಾವಲೂ ಇಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು ಕಾನೂನಿದೆ. ಹಾಳು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು. ಈ ಸಣ್ಣ ಕಲ್ಲುಗಳಿಗೆ ಆ ಬೇಲಿ ಇಲ್ಲ. ಇವುಗಳಿಗೆ ಇರುವುದು ಆಡು ಕಾಯುವವರ ಕಣ್ಣು, ಆಮೇಲೆ ನಮ್ಮ ಬಾಯಿ.

ಒನಕೆ ಕಿಂಡಿಗೆ ಮಕ್ಕಳನ್ನು ಕರೆದೊಯ್ದಿದ್ದೆ. ಅಲ್ಲಿ ವೃತ್ತದೊಳಗೆ ಒಬ್ಬರು ಮಲಗಿದಂತಿರುವ ಚಿತ್ರವಿದೆ, ಸತ್ತವರ ಸಂಸ್ಕಾರದ ಚಿತ್ರ ಎಂದು ಕೆಲವರು ಓದುತ್ತಾರೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತುಂಬ ಹೊತ್ತು ನೋಡಿ, ‘ಸರ್, ಇದನ್ನ ಬರೆದವರು ಅಳ್ತಾ ಬರೆದಿರಬಹುದಾ?’ ಎಂದು ಕೇಳಿದಳು. ನನಗೆ ಉತ್ತರ ಹೇಳಲು ಆಗಲಿಲ್ಲ.

ಎರೆಹೊಲ · ಬುಧವಾರ, ರಾತ್ರಿ 9.30

ಎಲ್ಲವನ್ನೂ ಎರಡೆರಡು ಸಲ ಓದಿದೆ.

ಬಿಸಿಲೂರು ಅವರೇ, ತಾಯಿಯವರ ವಿಷಯ ಎರಡು ದಿನದಿಂದ ತಲೆಯಲ್ಲಿದೆ. ನಾನು ಹೇಳುತ್ತಿರುವುದು ಅವರಂಥವರನ್ನು ದೂರ ಇಡುವ ಮಾತಾಗಬಾರದು. ಆದರೆ ಹಿರೇಬೆಣಕಲ್ಲಿನ ಮೇಲೆ ನಿಂತು ನೋಡಿದವರಿಗೆ ಗೊತ್ತು, ಅಲ್ಲಿ ಸುಮಾರು 400 ಕಲ್ಲಿನ ನಿರ್ಮಾಣಗಳಿವೆ. ಚಪ್ಪಡಿ ಎಲ್ಲಿ ಬಿದ್ದಿದೆ, ಯಾವುದು ಬಂಡೆ, ಯಾವುದು ಗೋರಿಯ ಸುತ್ತುಗಲ್ಲು ಎಂದು ನಡೆಯುವವರಿಗೇ ತಿಳಿಯುವುದಿಲ್ಲ, ಗಾಡಿಯಲ್ಲಿ ಕೂತವರಿಗೆ ತಿಳಿಯುವುದು ಹೇಗೆ? 19ನೇ ಶತಮಾನದಲ್ಲಿ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಈ ಜಾಗದ ಬಗ್ಗೆ ಬರೆದದ್ದು. ಅಂದಿನಿಂದ ಇಂದಿನವರೆಗೆ ಇಷ್ಟು ಉಳಿದಿದೆ ಅಂದರೆ ಚಕ್ರ ಅಲ್ಲಿಗೆ ಏರಲಿಲ್ಲ ಎಂಬುದೂ ಒಂದು ಕಾರಣ. ಅಲ್ಲಿಯ ನಗಾರಿ ಗುಂಡು ನಿಮಗೆ ಗೊತ್ತಿರಬೇಕು. ಎತ್ತರದ ಬಂಡೆಯ ಮೇಲೆ ಕೂತಿರುವ ಅರ್ಧಗೋಳದ ಕಲ್ಲು, ಬಾರಿಸಿದರೆ ಕಿಲೋಮೀಟರಿನಷ್ಟು ದೂರ ಕೇಳುತ್ತದೆ. ಮೊನ್ನೆ ಕೆಳಗಿನ ಹೊಲದಲ್ಲಿ ನಿಂತಿದ್ದಾಗ ಮೇಲೆ ಯಾರೋ ಬಾರಿಸಿದರು. ಕಟಾವು ಮಷೀನು ಆಗಷ್ಟೇ ನಿಂತಿತ್ತು. ಧಂ, ಸ್ವಲ್ಪ ಬಿಟ್ಟು ಮತ್ತೆ ಧಂ. ಹೊಲದಲ್ಲಿದ್ದವರೆಲ್ಲ ತಲೆ ಎತ್ತಿದರು. ಮೇಲೆ ಎಂಜಿನ್ನಿನ ಸದ್ದು ಇದ್ದಿದ್ದರೆ ಅದು ಕೇಳುತ್ತಿರಲಿಲ್ಲ.

ತಾಯಿಯವರಿಗೆ ಡೋಲಿಯ ವ್ಯವಸ್ಥೆ ಆಗುತ್ತದೆಯೇ? ಶಬರಿಮಲೆಯಲ್ಲಿ ವಯಸ್ಸಾದವರನ್ನು ಹೊತ್ತೊಯ್ಯುತ್ತಾರಲ್ಲ, ಹಾಗೆ. ಊರಿನ ನಾಲ್ಕು ಜನಕ್ಕೆ ದುಡಿಮೆಯೂ ಆಗುತ್ತದೆ. ಗುಡ್ಡದ ಬುಡ ಅವರೇ, ಇದು ಸಾಧ್ಯವೇ?

ಗುಡ್ಡದ ಬುಡ · ಬುಧವಾರ, ರಾತ್ರಿ 10.05

ಆಗತೈತ್ರಿ. ನಮ್ಮೂರಾಗ ನೆಲ್ಲಿನ ಚೀಲ ಹೊರೋ ಹುಡುಗರು ಅದಾರ. ಬೆತ್ತದ ಕುರ್ಚಿಗೆ ಎರಡು ಬೊಂಬು ಕಟ್ಟಿದ್ರ ಆತು. ಅಮ್ಮಾರು ನೆಲ್ಲಿನ ಚೀಲಕ್ಕಿಂತ ಹಗುರ ಇರ್ತಾರ. ನಸುಕಿನ್ಯಾಗ ಹೊಂಟು ಹತ್ತು ಗಂಟೆಕ್ಕ ಇಳಿದು ಬರಬೇಕು. ಸಂಜಿ ಹತ್ತಬ್ಯಾಡ್ರಿ, ಕರಡಿ ಇಳಿಯೋ ಹೊತ್ತದು. ದರೋಜಿ ಕರಡಿಧಾಮದಾಗ ಅಷ್ಟ ಅಲ್ಲ, ಹೊಳಿ ಈ ಕಡೀಗೂ ಕರಡಿ ಅದಾವ.

ಇನ್ನೊಂದು ಮಾತು. ಬಂದವರು ಊರಾಗ ಗಾಡಿ ನಿಲ್ಲಿಸಿ, ಒಬ್ಬರನ್ನ ಜೊತಿಗೆ ಕರಕೊಂಡು ಹೋದ್ರ ನಮಗೂ ಗೊತ್ತಿರತೈತಿ ಯಾರು ಹ್ವಾದ್ರು, ಯಾರು ಬಂದ್ರು ಅಂತ. ಈಗ ಯಾರೂ ನಿಲ್ಲಂಗಿಲ್ಲ. ಫೋನಿನ್ಯಾಗ ದಾರಿ ನೋಡ್ಕೋತ ನಮ್ಮ ಮನಿ ಮುಂದ ಧೂಳೆಬ್ಬಿಸಿ ಹೋಗಿಬಿಡ್ತಾರ.

ಬಿಸಿಲೂರು · ಬುಧವಾರ, ರಾತ್ರಿ 10.31

ಅಮ್ಮನಿಗೆ ಓದಿ ಹೇಳಿದೆ. ಹೊತ್ತುಕೊಂಡು ಹೋಗುವುದು ಬೇಡ, ಯಾರ ಹೆಗಲ ಮೇಲೂ ಕೂರುವುದಿಲ್ಲ ಎಂದರು. ನಿಧಾನವಾಗಿ ಎಷ್ಟಾಗುತ್ತದೋ ಅಷ್ಟು ಹತ್ತುತ್ತೇನೆ, ಉಳಿದದ್ದು ಕೆಳಗೆ ಕೂತು ನಗಾರಿ ಕೇಳುತ್ತೇನೆ ಎಂದರು.

ರಸ್ತೆಯ ಮಾತು ನಾನು ಹಿಂತೆಗೆದುಕೊಳ್ಳುತ್ತೇನೆ, ಹೊಲದ ಬದುವಿನ ತನಕ ಬಿಟ್ಟು. ಅಲ್ಲಿವರೆಗಿನ ದಾರಿ ಮಾತ್ರ ಸರಿಯಾಗಲೇಬೇಕು. ಆಂಬುಲೆನ್ಸಿನ ಮಾತು ಓದಿದ ಮೇಲೆ ಅದಕ್ಕೆ ನಾವೂ ದನಿ ಸೇರಿಸಬೇಕು ಅನಿಸಿದೆ. ಪಂಚಾಯಿತಿಗೆ ಮನವಿ ಬರೆದರೆ ನಾನು ಸಹಿ ಹಾಕುತ್ತೇನೆ.

ಹಳೇ ಜೀಪು · ಗುರುವಾರ, ಬೆಳಿಗ್ಗೆ 8.00

ಆ ಕಡೆ ಮೊದಲ ಸಲ ಬರುವವರಿಗೆ ಗಾಡಿಯ ಬಗ್ಗೆ ಒಂದೆರಡು ಮಾತು. ಮಳೆಯಾದ ಮರುದಿನ ಎರೆಭೂಮಿಗೆ ಇಳಿಸಬೇಡಿ, ಫೋರ್ ವೀಲ್ ಇದ್ದರೂ ಅಷ್ಟೇ. ಟೈರಿನ ಹಲ್ಲು ತುಂಬಿಕೊಂಡು ನುಣ್ಣಗಾಗಿಬಿಡುತ್ತದೆ. ನಾಟಿ ಕಾಲದಲ್ಲಿ ಟ್ರ್ಯಾಕ್ಟರಿನ ಕೇಜ್ ವೀಲ್ ರಸ್ತೆಗೆ ತಂದುಹಾಕಿದ ಕೆಸರಿನ ಮೇಲೆ ಬ್ರೇಕ್ ಒತ್ತಬೇಡಿ, ಗೇರ್ ಇಳಿಸಿ. ಕಾಲುವೆ ದಂಡೆಯ ದಾರಿಯಲ್ಲಿ ಎದುರಿಗೆ ಗಾಡಿ ಬಂದರೆ ನೀರಿನ ಕಡೆ ಸರಿಯಬೇಡಿ, ಅಂಚಿನ ಮಣ್ಣು ಒಳಗೆ ಟೊಳ್ಳಾಗಿರುತ್ತದೆ. ಒಣಹಾಕಿದ ಭತ್ತದ ಮೇಲೆ ಹಾಯಿಸಬೇಡಿ, ಬಿಸಿ ಸೈಲೆನ್ಸರಿಗೆ ಹುಲ್ಲು ಸಿಕ್ಕಿ ಹೊತ್ತಿಕೊಂಡ ಗಾಡಿ ನೋಡಿದ್ದೇನೆ. ಏಪ್ರಿಲ್, ಮೇ ತಿಂಗಳಲ್ಲಿ ಬರಲೇಬೇಡಿ, ಬಂಡೆ 40 ಡಿಗ್ರಿ ಬಿಸಿಲು ಕುಡಿದು ರಾತ್ರಿಯೆಲ್ಲ ಕಾರುತ್ತದೆ.

ಆ ಎರಡು ಗುಂಡುಗಳನ್ನು ಮತ್ತೆ ಮೊದಲಿನ ಜಾಗಕ್ಕೆ ತರಬಹುದು ಅನಿಸುತ್ತದೆ. ನನ್ನ ಹತ್ತಿರ ಚೈನ್ ಪುಲ್ಲಿ ಇದೆ, ಎರಡು ಟನ್ ಎಳೆಯುತ್ತದೆ. ಹಾರೆ ನಾಲ್ಕು ಬೇಕು. ಊರವರು ಒಪ್ಪಿದರೆ ಮಾತ್ರ.

ಗುಡ್ಡದ ಬುಡ · ಗುರುವಾರ, ಮಧ್ಯಾಹ್ನ 12.15

ಊರಾಗ ಮಾತಾಡೀನಿ. ಹಿರ್‍ಯಾರು ಹೂಂ ಅಂದಾರ. ಹೊಲ ಯಾರದೈತೋ ಅವರೂ ಒಪ್ಪ್ಯಾರ, ಅವರ ಬದು ಒಡದು ದಾರಿ ಮಾಡಿದ್ದಕ್ಕ ಅವರಿಗೂ ಸಿಟ್ಟೈತಿ. ಗುಂಡು ದೊಡ್ಡದೊಂದು, ಸಣ್ಣದೊಂದು. ಸಣ್ಣದನ್ನ ನಾವ ತಳ್ಳತೀವಿ. ಹಾರಿ ನಮ್ಮಲ್ಲಿ ಆರು ಅದಾವ.

ಡೈಕಿನ ಕಲ್ಲು · ಗುರುವಾರ, ಮಧ್ಯಾಹ್ನ 12.40

ನಾನೂ ಬರುತ್ತೇನೆ. ಗುಂಡು ಉರುಳಿಸುವ ಮುನ್ನ ಅದರಡಿಯ ನೆಲವನ್ನು ಒಮ್ಮೆ ನೋಡೋಣ, ಮಡಕೆಚೂರು ಇದ್ದರೆ ಎತ್ತಬಾರದು, ಇದ್ದಲ್ಲೇ ಇರಲಿ. ಬಿಳಿ ಪೊರೆಯ ಫೋಟೋ ಅಳತೆಪಟ್ಟಿ ಇಟ್ಟು ತೆಗೆಯುತ್ತೇನೆ, ಪುರಾತತ್ವ ಇಲಾಖೆಗೆ ಬರೆಯುವಾಗ ಬೇಕಾಗುತ್ತದೆ. ಒಲೆಯ ಬೂದಿಯನ್ನು ಗುಡಿಸಬೇಡಿ, ಧೂಳೆದ್ದು ಚಿತ್ರದ ಮೇಲೆ ಕೂರುತ್ತದೆ. ಕೈಯಿಂದ ಚೀಲಕ್ಕೆ ತುಂಬೋಣ.

ಎರೆಹೊಲ · ಗುರುವಾರ, ರಾತ್ರಿ 9.05

ಹಾಗಾದರೆ ಭಾನುವಾರ. ನಾನು 20 ಲೀಟರಿನ ಎರಡು ಕ್ಯಾನ್ ನೀರು, ಹಗ್ಗ, ಗೋಣಿಚೀಲ ತರುತ್ತೇನೆ. ಕೆಮ್ಮಣ್ಣು ಅವರು ಬಿಳಿ ಪಂಚೆ ತರಲಿ. ಬಿಸಿಲೂರು ಅವರು ತಾಯಿಯವರನ್ನು ಕರೆತಂದರೆ ಬದುವಿನ ಬೇವಿನ ಮರದಡಿ ಕುರ್ಚಿ ಹಾಕುತ್ತೇವೆ. ನಾನು ಸಿಂಧನೂರು ಬಿಡುವುದು ನಾಲ್ಕಕ್ಕೆ.

ಗುಡ್ಡದ ಬುಡ · ಗುರುವಾರ, ರಾತ್ರಿ 9.20

ಐದೂವರಿಗೆ ಊರ ಅಗಸಿ ಮುಂದ ನಿಂತಿರತೀನಿ. ಗಾಡಿ ಅಲ್ಲೇ ಹಚ್ಚರಿ. ಬುತ್ತಿ ಕಟ್ಟಿಕೊಂಡು ಬರಬ್ಯಾಡ್ರಿ, ನಮ್ಮನ್ಯಾಗ ರೊಟ್ಟಿ ಆಗ್ಯಾವ.